ನಾನ್‌ಖಟಾಯಿ ಇಟ್ಟೆ, ರೊಟ್ಟಿಯಂಥ ದಪಾಟಿ ಹೊರಗೆ ಬಂತು! ತೊಟ್ಟಿಲಿಗೆ 100 ತುಂಡು ಬೇಕು, ಯಾರಾದರೂ ದಾರಿ ತೋರಿಸಿ

ಗುಮ್ಮಟದ_ಗುಬ್ಬಿ (ವಿಜಯಪುರ), ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ನಾದಿನಿಯ ಮಗುವಿನ ತೊಟ್ಟಿಲು ಕಾರ್ಯಕ್ರಮ ಇದೆ. ಬಂದವರ ಕೈಗೆ ಒಂದೊಂದು ಸಣ್ಣ ಸಿಹಿ ಕೊಡಬೇಕು, ಒಂದೇ ತುತ್ತಿಗೆ ಬಾಯಿಗೆ ಹೋಗುವಂಥದ್ದು. ಅಂಗಡಿಯ ಪೇಢೆ ಬೇಡ, ನಾನೇ ನಾನ್‌ಖಟಾಯಿ ಮಾಡುತ್ತೇನೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟಿದ್ದೇನೆ. ಹೋದ ತಿಂಗಳು ಓಟಿಜಿ (ಕರೆಂಟಿನ ಸಣ್ಣ ಓವನ್) ತಗೊಂಡೆವು, ಅದರ ಜಂಬ.

ಇವತ್ತು ತಾಲೀಮು ಮಾಡಿದೆ. ಒಂದು ವಾಟಿ ಮೈದಾ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಪ್ಪ, ಅರ್ಧ ವಾಟಿ ಪುಡಿ ಸಕ್ಕರೆ, ಎರಡು ಚಮಚ ಕಡಲೆ ಹಿಟ್ಟು, ಚಿಟಿಕೆ ಸೋಡಾ, ಏಲಕ್ಕಿ. ಉಂಡೆ ಮಾಡಿ 180 ಡಿಗ್ರಿಯಲ್ಲಿ ಇಟ್ಟೆ. ಐದು ನಿಮಿಷ ಬಿಟ್ಟು ಗಾಜಿನೊಳಗೆ ಇಣುಕಿದರೆ 16 ಉಂಡೆಗಳೂ ಕೈ ಕೈ ಹಿಡಿದುಕೊಂಡು ಒಂದೇ ಹಾಳೆ ಆಗಿದ್ದವು. ಅತ್ತೆಯವರು ಬಂದು ನೋಡಿ, "ಏನವಾ, ಇದರಾಗ ದಪಾಟಿ ಬಡದೀಯೇನು?" ಅಂದರು. ಆಮೇಲೆ ಅದನ್ನೇ ಮುರಿದು ಹಾಲಿಗೆ ಹಾಕಿಕೊಂಡು ತಿಂದರು, ಅದು ಬೇರೆ ಮಾತು.

ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದ್ದೇನೆ. ಎಲ್ಲಿ ತಪ್ಪಿತು? ಮೊಟ್ಟೆ ಹಾಕುವಂತಿಲ್ಲ, ಬರುವ ಹಿರಿಯರು ತಿನ್ನುವುದಿಲ್ಲ.

ಘಟಪ್ರಭಾ_ದಂಡೆ (ಗೋಕಾಕ)

ಸೋಡಾ ಜಾಸ್ತಿ ಆಗಿದೆ.

ನವನಗರದ_ಅಕ್ಕ (ಬಾಗಲಕೋಟೆ)

ಸೋಡಾ ಅಲ್ಲ. ತುಪ್ಪ. ಒಂದೇ ಒಂದು ಪ್ರಶ್ನೆ ತಂಗಿ: ತುಪ್ಪ ಗಟ್ಟಿ ಇತ್ತೋ, ನೀರಾಗಿತ್ತೋ?

ಗುಮ್ಮಟದ_ಗುಬ್ಬಿ

ಅಕ್ಕಾ, ಮೇ ತಿಂಗಳಲ್ಲಿ ವಿಜಯಪುರದಲ್ಲಿ ಗಟ್ಟಿ ತುಪ್ಪ ಎಲ್ಲಿಂದ ತರಲಿ? ಡಬ್ಬಿ ಅಲುಗಾಡಿಸಿದರೆ ಎಣ್ಣೆಯ ಹಾಗೆ ಸದ್ದು ಬರುತ್ತದೆ. ಮನೆಯ ಎಮ್ಮೆ ತುಪ್ಪ. ಹಾಗೇ ಸುರಿದೆ.

ನವನಗರದ_ಅಕ್ಕ

ಸಿಕ್ಕಿತಲ್ಲ ಕಳ್ಳ.

ಹಳೇ_ಭಟ್ಟಿ (ಬೆಳಗಾವಿ)

ಅಕ್ಕ ಹೇಳಿದ್ದು ಸರಿ. ನಾನು 22 ವರ್ಷ ಬೇಕರಿಯಲ್ಲಿ ಕೆಲಸ ಮಾಡಿದವನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನ್‌ಖಟಾಯಿಗೆ ನೀರಿಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಅದನ್ನು ಹಿಡಿದಿಡುವುದೇ ತುಪ್ಪ. ಹರಳು ಹರಳಾಗಿ ಗಟ್ಟಿ ಇರುವ ತುಪ್ಪವನ್ನು ಪುಡಿ ಸಕ್ಕರೆಯ ಜೊತೆ ಅಂಗೈಯಿಂದ ತೀಡಿದರೆ ಒಳಗೆ ಸಣ್ಣ ಸಣ್ಣ ಗಾಳಿಯ ಗುಳ್ಳೆ ಕೂರುತ್ತವೆ. ಬಣ್ಣ ಹಳದಿಯಿಂದ ಬಿಳಿಗೆ ತಿರುಗುತ್ತದೆ. ಒಲೆಯ ಬಿಸಿಗೆ ಆ ಗಾಳಿ ಹಿಗ್ಗಿ, ಸೋಡಾ ಜೊತೆಗೂಡಿ, ಮೇಲೆ ಚಂದ ಬಿರುಕು ಬರುತ್ತದೆ. ನೀರಾದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಹಿಟ್ಟು ಬೇಯುವುದಕ್ಕೆ ಮೊದಲೇ ತುಪ್ಪ ಹರಿದು ಹೋಗುತ್ತದೆ, ಉಂಡೆ ಅದರ ಹಿಂದೆ ಹೋಗುತ್ತದೆ. ನಿಮ್ಮದು ಆಗಿದ್ದು ಇದೇ.

ಇನ್ನೊಂದು. ಗಟ್ಟಿ ತುಪ್ಪವನ್ನು ವಾಟಿಯಲ್ಲಿ ತುಂಬಿದರೆ ನಡುವೆ ಸಂದು ಉಳಿಯುತ್ತದೆ. ಕರಗಿದ ತುಪ್ಪ ವಾಟಿ ತುಂಬ ನಿಲ್ಲುತ್ತದೆ. ವಿಡಿಯೋದವರ ಅರ್ಧ ವಾಟಿಗಿಂತ ನಿಮ್ಮ ಅರ್ಧ ವಾಟಿಯಲ್ಲಿ ತುಪ್ಪ ಜಾಸ್ತಿ ಇತ್ತು. ಅದರ ಮೇಲೆ "ಸ್ವಲ್ಪ ಜಾಸ್ತಿ" ಬೇರೆ ಹಾಕಿದ್ದೀರಿ. ವಾಟಿ ಬಿಡಿ, ತಕ್ಕಡಿ ಹಿಡಿಯಿರಿ.

ಮೈದಾ 125 ಗ್ರಾಂ, ಕಡಲೆ ಹಿಟ್ಟು 30, ಸಣ್ಣ ರವೆ 20, ಪುಡಿ ಸಕ್ಕರೆ 80, ತುಪ್ಪ 100, ಸೋಡಾ ಕಾಲು ಚಮಚ, ಉಪ್ಪು ಚಿಟಿಕೆ. ಎಲ್ಲಾ ಸೇರಿ ಸುಮಾರು 355 ಗ್ರಾಂ. 12 ಗ್ರಾಂನ ಉಂಡೆ ಮಾಡಿದರೆ 29 ಬರುತ್ತವೆ. ನಿಮಗೆ 100 ಬೇಕು, ಒಡೆದದ್ದು, ಸುಟ್ಟದ್ದು, ಮಕ್ಕಳು ಕದ್ದದ್ದು ಲೆಕ್ಕ ಹಿಡಿದು ನಾಲ್ಕು ಪಟ್ಟು ಮಾಡಿಕೊಳ್ಳಿ. ಒಂದೇ ಸಲ ಕಲಸಬೇಡಿ, ಎರಡು ಸಲ ಮಾಡಿ.

ಕ್ಯಾಂಪಿನ_ಹುಡುಗ (ಬೆಳಗಾವಿ)

ನಮ್ಮಲ್ಲಿ ಡಿಸೆಂಬರ್ ತಿಂಗಳಲ್ಲಿ ತುಪ್ಪ ಚಮಚಕ್ಕೇ ಬರುವುದಿಲ್ಲ, ಕೆತ್ತಬೇಕು. ವಿಜಯಪುರದವರಿಗೆ ಬೇಕಾದರೆ ಪಾರ್ಸಲ್ ಕಳಿಸುತ್ತೇವೆ.

ಗುಮ್ಮಟದ_ಗುಬ್ಬಿ

ನಿಮ್ಮ ಊರಿನ ಹವಾದ ಬಗ್ಗೆ ಬೆಳಗಾವಿಯವರು ಎಷ್ಟು ಸಲ ಹೇಳುತ್ತೀರಿ ರೀ 😄 ಕಾಕಾ, ಭಾಳ ಉಪಕಾರ ಆಯಿತು. ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು. ಗಟ್ಟಿ ಹೇಗೆ ಮಾಡಲಿ? ಫ್ರಿಜ್‌ನಲ್ಲಿ ಇಟ್ಟರೆ ಕಲ್ಲಾಗುತ್ತದೆ.

ನವನಗರದ_ಅಕ್ಕ

ಫ್ರಿಜ್‌ನಲ್ಲಿ ಇಟ್ಟು ಮರೆತರೆ ಕಲ್ಲು. ನಾನು ಹೀಗೆ ಮಾಡುತ್ತೇನೆ: ದೊಡ್ಡ ಪರಾತದಲ್ಲಿ ಐಸ್ ನೀರು, ಅದರಲ್ಲಿ ತುಪ್ಪದ ಸ್ಟೀಲ್ ಬೋಗುಣಿ. ಚಮಚದಿಂದ ತಿರುವುತ್ತಾ ಇರಿ. ಅಂಚಿನಿಂದ ಗಟ್ಟಿಯಾಗುತ್ತಾ ಬರುತ್ತದೆ, ಕೆರೆದು ನಡುವೆ ಸೇರಿಸಿ. ಹತ್ತು ನಿಮಿಷದಲ್ಲಿ ಮುಲಾಮಿನ ಹಾಗೆ ಆಗುತ್ತದೆ. ತಕ್ಷಣ ಸಕ್ಕರೆ ಹಾಕಿ ತೀಡಿ.

ಉಂಡೆ ಕಟ್ಟಿದ ಮೇಲೆ ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಿ. ನಮ್ಮ ಬಾಗಲಕೋಟೆಯ ಬಿಸಿಲೂ ಏನು ಕಮ್ಮಿ ಇಲ್ಲ. ನಾನು ಬೇಸಿಗೆಯಲ್ಲಿ ಈ ಕೆಲಸ ನಸುಕಿನ ಐದಕ್ಕೆ ಶುರು ಮಾಡುತ್ತೇನೆ. ಮಧ್ಯಾಹ್ನ ಅಡುಗೆ ಮನೆಯೇ ಓವನ್, ಬೇರೆ ಯಾಕೆ ಬೇಕು?

ಜೋಳದ_ಜಿಗಿ (ಇಂಡಿ)

ಮೈದಾ, ಸಕ್ಕರೆ, ತುಪ್ಪ. ಮೂರೂ ಸೇರಿಸಿ ಸಣ್ಣ ಕೂಸಿನ ಹೆಸರಲ್ಲಿ ಹಂಚುತ್ತೀರಿ. ಬಿಳಿ ಜೋಳದ ನಾಡಲ್ಲಿ ಕೂತು ಮೈದಾ ಯಾಕೆ ರೀ? 2023ನೇ ಇಸವಿಯನ್ನು ಜಗತ್ತೇ ಸಿರಿಧಾನ್ಯದ ವರ್ಷ ಅಂತ ಆಚರಿಸಿತು. ನಾವು ಮಾತ್ರ ಬೇಕರಿ ಹಿಂದೆ ಬಿದ್ದಿದ್ದೇವೆ.

ಕ್ಯಾಂಪಿನ_ಹುಡುಗ

ಬಂದರು.

ಘಟಪ್ರಭಾ_ದಂಡೆ

ನಾನೂ ಒಮ್ಮೆ ಜೋಳದ ಬಿಸ್ಕಿಟ್ ಮಾಡಿದ್ದೆ. ಕೈಗೆ ತೆಗೆದುಕೊಂಡರೆ ಪುಡಿ, ಬಾಯಿಗೆ ಹಾಕಿದರೆ ಕೆಮ್ಮು. ಊದಿದರೆ ಅಟ್ಟದವರೆಗೆ ಹಾರುತ್ತಿತ್ತು.

ಜೋಳದ_ಜಿಗಿ

ನೀವು ಮೈದಾ ತೆಗೆದು ಅದೇ ಅಳತೆಯ ಜೋಳದ ಹಿಟ್ಟು ಸುರಿದಿರಿ, ಹೌದೋ ಇಲ್ಲವೋ? ಅಲ್ಲೇ ತಪ್ಪು. ಗೋಧಿಯಲ್ಲಿ ಅಂಟು ಇರುತ್ತದೆ, ಜೋಳದಲ್ಲಿ ಆ ಅಂಟು ಇಲ್ಲ. ರೊಟ್ಟಿ ಮಾಡುವಾಗ ನಿಮ್ಮ ಅವ್ವ ಏನು ಮಾಡುತ್ತಾರೆ? ತಣ್ಣೀರಲ್ಲಿ ನಾದುತ್ತಾರಾ? ಎಸರು ಕುದಿಸಿ ಹಾಕುತ್ತಾರೆ. ಬಿಸಿ ನೀರಿಗೆ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಬಿಸ್ಕಿಟ್‌ಗೂ ಅದೇ ಯುಕ್ತಿ.

150 ಗ್ರಾಂ ಜೋಳದ ಹಿಟ್ಟಿನಲ್ಲಿ ಎರಡು ಚಮಚ ತೆಗೆದಿಡಿ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು ಆರಿಸಿ. ತೆಗೆದಿಟ್ಟ ಎರಡು ಚಮಚವನ್ನು ನಾಲ್ಕು ಚಮಚ ಹಾಲಿನಲ್ಲಿ ಗಂಜಿಯ ಹಾಗೆ ಕಾಯಿಸಿ, ಅದನ್ನೂ ಆರಲು ಬಿಡಿ. 80 ಗ್ರಾಂ ಗಟ್ಟಿ ತುಪ್ಪ, 70 ಗ್ರಾಂ ಬೆಲ್ಲದ ಪುಡಿ ತೀಡಿ, ಗಂಜಿ ಸೇರಿಸಿ, ಹುರಿದ ಹಿಟ್ಟು, ಎರಡು ಚಮಚ ಹುರಿದ ಎಳ್ಳು, ಏಲಕ್ಕಿ, ಕಾಲು ಚಮಚ ಸೋಡಾ. ಉಂಡೆ ಕಟ್ಟಿ ಬೆರಳಿಂದ ಒತ್ತಿ. ಎಷ್ಟು ನಾದಿದರೂ ಗಟ್ಟಿ ಆಗುವುದಿಲ್ಲ, ಮೈದಾಕ್ಕೆ ಈ ಭಾಗ್ಯ ಇಲ್ಲ.

ಹಿಟ್ಟು ಹೊಸದಾಗಿ ಬೀಸಿಸಿದ್ದಿರಲಿ. ಹಳೆಯ ಜೋಳದ ಹಿಟ್ಟು ಕಹಿ ಆಗುತ್ತದೆ, ಬೆಲ್ಲ ಹಾಕಿದರೂ ಮುಚ್ಚುವುದಿಲ್ಲ.

ನವನಗರದ_ಅಕ್ಕ

ಈ ಗಂಜಿಯ ಯುಕ್ತಿ ಛಲೋ ಇದೆ. ಇಷ್ಟು ಗೊತ್ತಿದ್ದವರು ಮೊದಲು ಬೈದು ಆಮೇಲೆ ಯಾಕೆ ಹೇಳುತ್ತೀರಿ ಅಣ್ಣಾ? ಮೊದಲೇ ಹೇಳಬಾರದಾ?

ಮುಧೋಳದ_ಅಚ್ಚು

ಬೆಲ್ಲದ ಬಗ್ಗೆ ಒಂದು ಮಾತು. ಮುಧೋಳ, ಮಹಾಲಿಂಗಪುರದ ಕಡೆ ಬೆಲ್ಲಕ್ಕೆ ಬರ ಇಲ್ಲ, ಆದರೆ ಎಲ್ಲಾ ಬೆಲ್ಲವೂ ಬಿಸ್ಕಿಟ್‌ಗೆ ಆಗುವುದಿಲ್ಲ. ಮೆತ್ತನೆಯ ಬೆಲ್ಲ ಹಾಕಿದರೆ ಮಾರನೇ ದಿನ ಬಿಸ್ಕಿಟ್ ಕೂಡ ಮೆತ್ತಗೆ. ಬೆಲ್ಲ ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಒಣ ಅಚ್ಚು ತಂದು ತುರಿದು, ಒಂದು ತಾಸು ಬಿಸಿಲಿಗೆ ಹರಡಿ, ಆಮೇಲೆ ಜರಡಿ ಹಿಡಿಯಿರಿ. ವಿಜಯಪುರದ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬರಲಿ. ಜೋನಿ ಬೆಲ್ಲ ಹಾಕಲೇಬೇಡಿ.

ಬೆಲ್ಲ ಹಾಕಿದ್ದು ಸಕ್ಕರೆಗಿಂತ ಬೇಗ ಕೆಂಪಾಗುತ್ತದೆ. ಹತ್ತು ಡಿಗ್ರಿ ಕಮ್ಮಿ ಇಡಿ.

ಸಕ್ಕರೆ_ಖಾತೆ (ಜಮಖಂಡಿ)

ಜೋಳದ ಅಣ್ಣನಿಗೆ ಒಂದು ವಿನಂತಿ. ಜೋಳ ಒಳ್ಳೆಯದು, ಒಪ್ಪಿದೆ. ಆದರೆ 70 ಗ್ರಾಂ ಬೆಲ್ಲ, 80 ಗ್ರಾಂ ತುಪ್ಪ ಹಾಕಿ ಇದು ಆರೋಗ್ಯದ ಬಿಸ್ಕಿಟ್ ಅಂತ ಹೇಳಬೇಡಿ. ನನಗೆ ಸಕ್ಕರೆ ಕಾಯಿಲೆ ಬಂದು 11 ವರ್ಷ. ಬೆಲ್ಲ ಅಂತ ಹೇಳಿ ಹೇಳಿಯೇ ಮನೆಯವರು ತಿನ್ನಿಸಿದ್ದು. ರಕ್ತಕ್ಕೆ ಬೆಲ್ಲ, ಸಕ್ಕರೆ ಎಂಬ ಭೇದ ಅಷ್ಟಾಗಿ ಗೊತ್ತಾಗುವುದಿಲ್ಲ. ಸಿಹಿ ಅಂತ ಸಿಹಿ ತಿನ್ನೋಣ, ಒಂದು ತಿಂದು ಸುಮ್ನೆ ಕೂರೋಣ. ತುತ್ತಿನ ಗಾತ್ರ ಇರುವುದೇ ಅದಕ್ಕೆ ಅಲ್ವಾ?

ಜೋಳದ_ಜಿಗಿ

ಒಪ್ಪಿದೆ ಕಾಕಾ. ಆದರೂ ಜೋಳ ಜೋಳವೇ.

ಇಳಕಲ್_ಸೆರಗು

ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದಾ?

ನವನಗರದ_ಅಕ್ಕ

ಆಗುತ್ತದೆ. ದಪ್ಪ ತಳದ ಕುಕ್ಕರ್ ಇರಲಿ. ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆಯಿರಿ, ಇದನ್ನು ಮಾತ್ರ ಮರೆಯಬೇಡಿ. ತಳಕ್ಕೆ ಎರಡು ವಾಟಿ ಪುಡಿ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್. ನೀರು ಹಾಕಬಾರದು. ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ತಟ್ಟೆಯಲ್ಲಿ ಉಂಡೆ ಇಟ್ಟು ಸಣ್ಣ ಉರಿಯಲ್ಲಿ 20-25 ನಿಮಿಷ. ಆ ಉಪ್ಪನ್ನು ಎತ್ತಿಡಿ, ಮುಂದಿನ ಸಲಕ್ಕೆ ಬರುತ್ತದೆ. ಸಾರಿಗೆ ಹಾಕಬೇಡಿ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಈ ಆಟ ಬೇಡ, ಖಾಲಿ ಕಾಯಿಸಿದರೆ ಅದರ ಲೇಪ ಹಾಳಾಗುತ್ತದೆ.

ಒಂದು ಸಲಕ್ಕೆ ಏಳೆಂಟು ಮಾತ್ರ ಹಿಡಿಯುತ್ತವೆ.

ಕ್ಯಾಂಪಿನ_ಹುಡುಗ

100 ತುಂಡಿಗೆ 13 ಸಲ. ತೊಟ್ಟಿಲಿಗೆ ಶುರು ಮಾಡಿದರೆ ಜಾವಳಕ್ಕೆ ಮುಗಿಯುತ್ತದೆ.

ಇಳಕಲ್_ಸೆರಗು

ನಾನು ಗ್ಯಾಸ್ಕೆಟ್ ತೆಗೆಯದೆ ಮಾಡಿದ್ದೆ ಒಮ್ಮೆ. ರಬ್ಬರ್ ಸುಟ್ಟ ವಾಸನೆ ಮೂರು ದಿನ ಇತ್ತು. ಅದಕ್ಕೇ ಕೇಳಿದ್ದು 🙈

ಕೃಷ್ಣಾ_ತೀರ (ಆಲಮಟ್ಟಿ)

ನನಗೆ ಅರ್ಥ ಆಗದ್ದು ಒಂದು. ಇಷ್ಟೆಲ್ಲಾ ಯಾಕೆ? ಶೇಂಗಾ ಹುರಿದು ಪುಡಿ ಮಾಡಿ, ಬೆಲ್ಲ ಕೂಡಿಸಿ, ಉಂಡಿ ಕಟ್ಟಿ. ಓವನ್ ಬೇಡ, ಐಸ್ ಬೇಡ, ಥರ್ಮಾಮೀಟರ್ ಬೇಡ. ಅರ್ಧ ಗಂಟೆಯಲ್ಲಿ 100 ಉಂಡಿ. ನಮ್ಮ ಆಯಿ ಮಾತಾಡುತ್ತಾ ಮಾತಾಡುತ್ತಾ ಕಟ್ಟಿ ಮುಗಿಸುತ್ತಿದ್ದಳು.

ಗುಮ್ಮಟದ_ಗುಬ್ಬಿ

ಅಣ್ಣಾ, ನಾನು ಎಲ್ಲರ ಮುಂದೆ ನಾನ್‌ಖಟಾಯಿ ಅಂತ ಹೇಳಿದ್ದೇನೆ. ಮರ್ಯಾದೆ ಪ್ರಶ್ನೆ.

ಬಿಳಿ_ಕೋಟು (ವಿಜಯಪುರ)

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ತೊಟ್ಟಿಲು ಅಂದರೆ ಸಣ್ಣ ಮಕ್ಕಳು ತುಂಬಾ ಬರುತ್ತಾರೆ, ಆದ್ದರಿಂದ ಹೇಳುತ್ತಿದ್ದೇನೆ. ಮೇಲೆ ಇಡೀ ಬಾದಾಮಿ, ಇಡೀ ಶೇಂಗಾ ಕಾಳು ಅಂಟಿಸಬೇಡಿ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಸ್ತಾ ಸಣ್ಣಗೆ ಹೆರೆದು ಉದುರಿಸಿ. ಮತ್ತೆ ಯಾರಾದರೂ ಹಿರಿಯರು ಕೂಸಿನ ನಾಲಿಗೆಗೆ ಜೇನು ಹಚ್ಚಲು ಬಂದರೆ ನಯವಾಗಿ ತಡೆಯಿರಿ. ಒಂದು ವರ್ಷ ತುಂಬುವವರೆಗೆ ಜೇನು ಬೇಡ.

ಗುಮ್ಮಟದ_ಗುಬ್ಬಿ

ಜೇನಿನ ಮಾತು ಗೊತ್ತೇ ಇರಲಿಲ್ಲ. ನಾದಿನಿಗೆ ಈಗಲೇ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ದೊಡ್ಡಮ್ಮ ಬಾಟಲಿ ಹಿಡಿದುಕೊಂಡೇ ಬರುತ್ತಾರೆ.

ಶಹಾಪುರ_ಪೇಟೆ (ಬೆಳಗಾವಿ), ಸೋಮವಾರ

ನಾನ್‌ಖಟಾಯಿಯ ಒಳಗೆ ನಮ್ಮ ಬೆಳಗಾವಿಯ ಹಾಲಿನ ಸಿಹಿ ಕುಂದಾ ತುಂಬಿ ನೋಡಿ! ಹೋದ ದೀಪಾವಳಿಗೆ ಮಾಡಿದ್ದೆ.

ಹಳೇ_ಭಟ್ಟಿ

ಸೋರಲಿಲ್ಲವಾ?

ಶಹಾಪುರ_ಪೇಟೆ

ಮೊದಲ ಟ್ರೇ ಸೋರಿತು. ಕುಂದಾದ ಸಕ್ಕರೆ ಕರಗಿ ತಳಕ್ಕೆ ಇಳಿದು ಕರಕಾಯಿತು. ಎರಡನೇ ಸಲ ಕುಂದಾವನ್ನು ಬಾಣಲೆಯಲ್ಲಿ ಇನ್ನಷ್ಟು ಬತ್ತಿಸಿ, ಕಡಲೆ ಕಾಳಿನ ಗಾತ್ರದ ಗುಳಿಗೆ ಮಾಡಿ, ಫ್ರೀಜರ್‌ನಲ್ಲಿ ಇಟ್ಟು ಆಮೇಲೆ ತುಂಬಿದೆ. ನಿಂತಿತು. ಸಿಹಿ ಮಾತ್ರ ಜಾಸ್ತಿ, ಹೊರಗಿನ ಹಿಟ್ಟಿಗೆ ಸಕ್ಕರೆ ಅರ್ಧ ಇಳಿಸಬೇಕು. ಕಡಿದಾಗ ನಡುವೆ ಕಂದು ಚುಕ್ಕೆ ಕಾಣುತ್ತದೆ, ಯಾರಿಗೂ ಏನೆಂದು ತಿಳಿಯುವುದಿಲ್ಲ.

ಘಟಪ್ರಭಾ_ದಂಡೆ

ಅದರ ಬದಲು ಮೇಲೆ ಗೋಕಾಕದ ಕರದಂಟು ಪುಡಿ ಮಾಡಿ ಒತ್ತಿ. ತಿನ್ನುವ ಅಂಟು (ಗೋಂದು), ಒಣಹಣ್ಣು ಎಲ್ಲಾ ಬರುತ್ತದೆ.

ಹುನಗುಂದದ_ಹಾದಿ

ಕರದಂಟು ಅಂದರೆ ಅಮೀನಗಡ.

ಘಟಪ್ರಭಾ_ದಂಡೆ

ಇದು ಶುರು ಆಯಿತು. ಕರದಂಟು ಅಂದರೆ ಗೋಕಾಕ, ಮಕ್ಕಳೂ ಹೇಳುತ್ತಾರೆ.

ಹುನಗುಂದದ_ಹಾದಿ

ಗೋಕಾಕದ ಮಕ್ಕಳು ಹೇಳುತ್ತಾರೆ. ಬಾಗಲಕೋಟೆ ಜಿಲ್ಲೆಯ ಮಕ್ಕಳನ್ನು ಕೇಳಿ. ಅಮೀನಗಡದಲ್ಲಿ ಬಸ್ಸು ನಿಂತರೆ ಜನ ನೀರು ಕೊಳ್ಳುವುದಕ್ಕೂ ಮೊದಲು ಕರದಂಟು ಕೊಳ್ಳುತ್ತಾರೆ.

ಕ್ಯಾಂಪಿನ_ಹುಡುಗ

ನನಗೆ ಎರಡೂ ಬೇಕು. ಜಗಳ ಮುಗಿದ ಮೇಲೆ ಉಳಿದ ಪುಡಿಕೆ ಈ ಕಡೆ ಕಳಿಸಿ.

ನವನಗರದ_ಅಕ್ಕ

ಎರಡೂ ಊರಿನವರು ಕೇಳಿ: ಹೆಸರಲ್ಲೇ ಇದೆ, ಕರಿದ ಅಂಟು. ಮನೆಯಲ್ಲಿ ಅಂಟು ಹಾಕುವುದಾದರೆ ತುಪ್ಪದಲ್ಲಿ ಪುರಿ ಹಾಗೆ ಅರಳುವವರೆಗೆ ಕರಿಯಬೇಕು. ಅರ್ಧ ಕರಿದರೆ ಹಲ್ಲಿಗೆ ಹತ್ತಿಕೊಂಡು ಸಾಯಿಸುತ್ತದೆ. ಈಗ ಬಿಡಿ.

ಮೇಲ್ವಿಚಾರಕ

ಕರದಂಟಿನ ಗಡಿ ವಿವಾದಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 212 ಉತ್ತರ ಬಿದ್ದಿವೆ. ಇಲ್ಲಿ ನಾನ್‌ಖಟಾಯಿ.

ಬಾಲ್ಯದ_ಡಬ್ಬಿ (ಬೆಳಗಾವಿ)

ನಾನು ಓದುತ್ತಾ ಇದ್ದೆ, ಈಗ ಬರೆಯದೆ ಇರಲು ಆಗಲಿಲ್ಲ. ನಾವು ಸಣ್ಣವರಿದ್ದಾಗ ಮನೆಯಲ್ಲಿ ಯಾರೂ ಬಿಸ್ಕಿಟ್ ಮಾಡುತ್ತಿರಲಿಲ್ಲ, ಮಾಡಿಸುತ್ತಿದ್ದೆವು. ದೀಪಾವಳಿಗೆ ಎಂಟು ದಿನ ಮೊದಲು ಅವ್ವ ಹಿಟ್ಟು, ಸಕ್ಕರೆ, ತುಪ್ಪ ಎಲ್ಲಾ ಅಳೆದು ಚೀಲದಲ್ಲಿ ಕಟ್ಟಿಕೊಡುತ್ತಿದ್ದಳು. ನಾನು, ಅಣ್ಣ ಸೈಕಲ್‌ಗೆ ಖಾಲಿ ತಗಡಿನ ಡಬ್ಬಿ ನೇತುಹಾಕಿಕೊಂಡು ಭಟ್ಟಿಗೆ ಹೋಗುತ್ತಿದ್ದೆವು. ಅಲ್ಲಿ ಪಾಳಿ. ನಮ್ಮ ಹಿಟ್ಟು ಕಲಸುವುದನ್ನು ಕಣ್ಣು ಮಿಟುಕಿಸದೆ ನೋಡಬೇಕು, ಅದು ಅವ್ವನ ಆಜ್ಞೆ. ನಮ್ಮ ತುಪ್ಪ ಬೇರೆಯವರ ಹಿಟ್ಟಿಗೆ ಹೋದರೆ?

ಉದ್ದ ಕೋಲಿನ ತುದಿಗೆ ಟ್ರೇ ಇಟ್ಟು ಒಳಗೆ ತಳ್ಳುತ್ತಿದ್ದರು. ಆ ಬಾಯಿ ತೆರೆದಾಗ ಮುಖಕ್ಕೆ ಬರುತ್ತಿದ್ದ ಬಿಸಿ ಇನ್ನೂ ನೆನಪಿದೆ. ವಾಪಸ್ ಬರುವಾಗ ಡಬ್ಬಿ ಕಾಲಿಗೆ ತಾಗಿ ಚುರ್ ಅನ್ನುತ್ತಿತ್ತು. ಮನೆ ಮುಟ್ಟುವುದರೊಳಗೆ ಮೇಲಿನ ಸಾಲು ಖಾಲಿ. "ಭಟ್ಟಿಯವನು ಕಮ್ಮಿ ಕೊಟ್ಟಾನ" ಅಂತ ಅಣ್ಣ ಹೇಳುತ್ತಿದ್ದ. ಅವ್ವ ನಂಬಿದ ಹಾಗೆ ಮಾಡುತ್ತಿದ್ದಳು.

ಹಳೇ_ಭಟ್ಟಿ

ಆ ಬೈಗುಳ ಎಲ್ಲಾ ತಿಂದವರು ನಾವು! ಪ್ರತಿ ವರ್ಷ ಹತ್ತು ಮಂದಿಯಾದರೂ ಬರುತ್ತಿದ್ದರು, "ತುಪ್ಪ ಇಟ್ಟುಕೊಂಡು ಡಾಲ್ಡಾ ಹಾಕೀರಿ" ಅಂತ. ನಿಮ್ಮಂಥ ಮಕ್ಕಳು ದಾರಿಯಲ್ಲಿ ತಿಂದದ್ದು ಈಗ ಗೊತ್ತಾಯಿತು.

ನಿಜ ಹೇಳಬೇಕೆಂದರೆ ಅಂಗಡಿಯಲ್ಲಿ ಮಾರುವ ಮಾಲಿಗೆ ಡಾಲ್ಡಾವೇ ಹೋಗುತ್ತಿತ್ತು. ಅಗ್ಗ, ತುಪ್ಪದಷ್ಟು ಬೇಗ ಕರಗುವುದಿಲ್ಲ, ಬಿಸ್ಕಿಟ್ ಹರಡುವುದಿಲ್ಲ. ಅದರಲ್ಲಿ ಟ್ರಾನ್ಸ್ ಕೊಬ್ಬು ಇರುತ್ತದೆ, ಹೃದಯಕ್ಕೆ ಒಳ್ಳೆಯದಲ್ಲ. ಈಗ ಎಣ್ಣೆ, ಕೊಬ್ಬಿನ ಪದಾರ್ಥಗಳಲ್ಲಿ ಅದು ನೂರಕ್ಕೆ 2ಕ್ಕಿಂತ ಜಾಸ್ತಿ ಇರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಇದೆ, 2022ರ ಜನವರಿಯಿಂದ. ಮನೆಯಲ್ಲಿ ಮಾಡುವವರಿಗೆ ತುಪ್ಪವೇ ಸಾಕು.

ಟಿಕೋಟಾ_ಬಳ್ಳಿ

ನಾನ್‌ಖಟಾಯಿ ಕೈ ಕೊಟ್ಟರೆ ಕೈಯಲ್ಲಿ ಇನ್ನೊಂದು ಇರಲಿ. ಪಡ್ಡಿನ ಹಂಚಿನಲ್ಲಿ ಸಣ್ಣ ರವಾ ಕೇಕ್. ಒಂದು ವಾಟಿ ಸಣ್ಣ ರವೆ, ಮುಕ್ಕಾಲು ವಾಟಿ ಮೊಸರು, ಮುಕ್ಕಾಲು ವಾಟಿ ಸಕ್ಕರೆ, ಮೂರು ಚಮಚ ತುಪ್ಪ. 20 ನಿಮಿಷ ನೆನೆಯಲಿ. ಗಟ್ಟಿ ಎನಿಸಿದರೆ ಹಾಲು. ಹಂಚಿಗೆ ಹಾಕುವ ಮೊದಲು ಕಾಲು ಚಮಚ ಸೋಡಾ. ಮೊಸರಿನ ಹುಳಿಗೆ ಸೋಡಾ ಉಕ್ಕುತ್ತದೆ, ಆದ್ದರಿಂದ ಕೊನೆಗೆ ಹಾಕಿ ತಡಮಾಡದೆ ಹುಯ್ಯಿರಿ. ಮುಚ್ಚಿ ಸಣ್ಣ ಉರಿ, ನಾಲ್ಕೈದು ನಿಮಿಷಕ್ಕೆ ಮಗುಚಿ.

ನಡುವೆ ಒಂದು ಮಣೂಕ (ಒಣದ್ರಾಕ್ಷಿ). ಮೊದಲು ತೊಳೆದು ಒರೆಸಿ. ಹಸಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಶೆಡ್‌ನಲ್ಲಿ ಬಲೆಯ ಮೇಲೆ ಎರಡು ವಾರ ಒಣಗಿಸುತ್ತೇವೆ, ಧೂಳು ಕೂತಿರುತ್ತದೆ. ಬೆಳೆದವನೇ ಹೇಳುತ್ತಿದ್ದೇನೆ. ಒರೆಸಿ ಚೂರು ಒಣ ಹಿಟ್ಟಿನಲ್ಲಿ ಹೊರಳಿಸಿದರೆ ತಳಕ್ಕೆ ಇಳಿಯುವುದಿಲ್ಲ. ಮಕ್ಕಳಿಗಾದರೆ ನರ್ಸ್ ಅಕ್ಕ ಹೇಳಿದ ಹಾಗೆ ಹೆಚ್ಚಿ ಹಾಕಿ.

ಶಹಾಪುರ_ಪೇಟೆ

ಪಡ್ಡು ಅಲ್ಲ, ಅಪ್ಪೆ.

ಕೃಷ್ಣಾ_ತೀರ

ಗುಂಡಪಂಗಳ.

ಮೇಲ್ವಿಚಾರಕ

ಬೇಡ.

ಗುಮ್ಮಟದ_ಗುಬ್ಬಿ, ಬುಧವಾರ ಬೆಳಿಗ್ಗೆ 6:55

ಎರಡನೇ ತಾಲೀಮು! ಐದಕ್ಕೆ ಎದ್ದೆ. ಐಸ್ ನೀರು, ತೂಕ, ಫ್ರಿಜ್, ಎಲ್ಲಾ ನೀವು ಹೇಳಿದಂತೆ. ಹರಡಲಿಲ್ಲ! ಗುಂಡಗೆ ನಿಂತವು, ಬಿರುಕೂ ಬಂತು. ಆದರೆ ಎರಡು ತೊಂದರೆ. ಮೇಲೆ ಕೆಂಪು, ತಳ ಬಿಳಿ. ಮತ್ತೆ 15 ನಿಮಿಷಕ್ಕೆ ತೆಗೆದಾಗ ಮೆತ್ತಗಿದ್ದವು, ಬೇಯಲಿಲ್ಲ ಅಂತ ಇನ್ನೂ ಎಂಟು ನಿಮಿಷ ಇಟ್ಟೆ. ಈಗ ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು.

ಹಳೇ_ಭಟ್ಟಿ

ಎರಡಕ್ಕೂ ಉತ್ತರ ಇದೆ. ಬಿಸಿ ಇರುವಾಗ ನಾನ್‌ಖಟಾಯಿ ಮೆತ್ತಗೇ ಇರಬೇಕು. ಆರಿದ ಮೇಲೆ ಗಟ್ಟಿಯಾಗುವುದು. ತಳದ ಅಂಚು ತುಸು ಬಣ್ಣ ತಿರುಗಿತೋ, ತೆಗೆಯಿರಿ. ಟ್ರೇಯಲ್ಲೇ ಹತ್ತು ನಿಮಿಷ ಬಿಡಿ, ಬಿಸಿ ಟ್ರೇ ಉಳಿದ ಕೆಲಸ ಮುಗಿಸುತ್ತದೆ. ಆಗಲೇ ಕೈ ಹಾಕಿದರೆ ಮುರಿಯುತ್ತವೆ.

ಮೇಲೆ ಕೆಂಪಾಗಿದ್ದು ಮೇಲಿನ ರಾಡ್‌ನಿಂದ. ಸಣ್ಣ ಓಟಿಜಿಯಲ್ಲಿ ರಾಡ್ ತಲೆ ಮೇಲೇ ಇರುತ್ತದೆ. ಟ್ರೇಯನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿ, ಮೊದಲ ಹತ್ತು ನಿಮಿಷ ಕೆಳಗಿನ ರಾಡ್ ಮಾತ್ರ, ಕೊನೆಗೆ ಎರಡೂ. ಅಷ್ಟು ಸಣ್ಣ ತುಂಡಿಗೆ 180 ಜಾಸ್ತಿ, 160 ಸಾಕು. ಇಡುವ ಮೊದಲು ಹತ್ತು ನಿಮಿಷ ಖಾಲಿ ಕಾಯಿಸಿದಿರಾ?

ಗುಮ್ಮಟದ_ಗುಬ್ಬಿ

ಕರೆಂಟ್ ಬಿಲ್ ನೋಡಿ ಐದೇ ನಿಮಿಷ ಕಾಯಿಸಿದೆ ಕಾಕಾ.

ಸಕ್ಕರೆ_ಖಾತೆ

ಗುಂಡಿಯ ಮೇಲೆ 160 ಅಂತ ಬರೆದಿದ್ದರೆ ಒಳಗೆ 160 ಇರುತ್ತದೆ ಅಂತ ನಂಬಬೇಡಿ. ನನ್ನದರಲ್ಲಿ ಇಪ್ಪತ್ತು ಡಿಗ್ರಿ ವ್ಯತ್ಯಾಸ. ಒಳಗೆ ನೇತುಹಾಕುವ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯಿತು. ಸಕ್ಕರೆ ಕಾಯಿಲೆಯವನಿಗೆ ಓವನ್ ಯಾಕೆ ಅಂತ ಕೇಳಬೇಡಿ. ಖಾರಾ ಬಿಸ್ಕಿಟ್ ಮಾಡುತ್ತೇನೆ.

ಇಳಕಲ್_ಸೆರಗು

ನಡುವೆ ಕರೆಂಟ್ ಹೋದರೆ?

ನವನಗರದ_ಅಕ್ಕ

ಬಾಗಿಲು ತೆರೆಯಬೇಡಿ, ಅಷ್ಟೇ. ಒಳಗಿನ ಬಿಸಿಗೇ ಹತ್ತು ನಿಮಿಷ ದಾಟುತ್ತದೆ. ಕೇಕ್ ಆಗಿದ್ದರೆ ನಡುವೆ ಕುಸಿಯುತ್ತಿತ್ತು, ನಾನ್‌ಖಟಾಯಿಗೆ ಅಷ್ಟು ಸೊಕ್ಕಿಲ್ಲ.

ಗುಮ್ಮಟದ_ಗುಬ್ಬಿ, ಭಾನುವಾರ ರಾತ್ರಿ 10:15

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಶುಕ್ರವಾರ, ಶನಿವಾರ ಎರಡು ನಸುಕು ಕೂತು ನಾಲ್ಕು ಪಟ್ಟು ಮಾಡಿದೆ. 114 ಬಂದವು. ಒಂದು ಟ್ರೇ, 18 ತುಂಡು, ನಾನು ಹಾಲಿನವನ ಹತ್ತಿರ ಮಾತಾಡುತ್ತಾ ನಿಂತಿದ್ದಕ್ಕೆ ಕಪ್ಪಾದವು. ಉಳಿದದ್ದು 96. ಕಮ್ಮಿ ಬಿದ್ದೀತು ಅಂತ ಜೋಳದ ಅಣ್ಣನ ಎಳ್ಳಿನ ಬಿಸ್ಕಿಟ್ 30 ಮಾಡಿದೆ. ಗಂಜಿಯ ಯುಕ್ತಿ ಕೆಲಸ ಮಾಡಿತು ರೀ! ಕೈಯಲ್ಲಿ ಪುಡಿ ಆಗಲಿಲ್ಲ. ಗಂಡಸರು ಚಹಾದ ಜೊತೆ ಅದನ್ನೇ ಹುಡುಕಿ ಹುಡುಕಿ ತಿಂದರು.

ಕಾಕಾ, ನಿಮ್ಮ ಹೆಸರು ಗೊತ್ತಿಲ್ಲ, ಆದರೆ ನಮ್ಮ ಮನೆಯಲ್ಲಿ ಎಲ್ಲರೂ "ಭಟ್ಟಿ ಕಾಕಾ ಹೇಳಿದ್ದು" ಅಂತಲೇ ಮಾತಾಡುತ್ತಿದ್ದಾರೆ. ದೊಡ್ಡಮ್ಮನ ಜೇನಿನ ಬಾಟಲಿಯನ್ನು ನಾದಿನಿಯೇ ಇಸಿದುಕೊಂಡು ಕಪಾಟಿನಲ್ಲಿ ಇಟ್ಟಳು.

ಜೋಳದ_ಜಿಗಿ

30 ಮಾತ್ರವಾ?

ನವನಗರದ_ಅಕ್ಕ

ಭಾಳ ಸಂತೋಷ ತಂಗಿ. ಕೂಸಿಗೆ ಏನು ಹೆಸರಿಟ್ಟಿರಿ ಅಂತ ಇಲ್ಲಿ ಬರೆಯಬೇಡಿ, ಊರೆಲ್ಲಾ ಓದುತ್ತದೆ. ಅತ್ತೆಯವರು ಏನಂದರು?

ಗುಮ್ಮಟದ_ಗುಬ್ಬಿ

ಅದನ್ನೇ ಹೇಳಬೇಕು. ಎರಡು ತಿಂದರು. "ಛಲೋ ಆಗ್ಯಾವ" ಅಂದರು. ಆಮೇಲೆ ರಾತ್ರಿ ಮೆಲ್ಲಗೆ ಅಡುಗೆ ಮನೆಗೆ ಬಂದು, "ಆವತ್ತಿಂದು ಆ ದಪಾಟಿ ಮತ್ತ ಯಾವಾಗ ಮಾಡ್ತೀ? ಹಾಲಿನ್ಯಾಗ ಅದೇ ರುಚಿ ಇತ್ತು" ಅಂದರು. ನನಗೆ ಅದರ ಅಳತೆಯೇ ನೆನಪಿಲ್ಲ. ಈಗ ಅದನ್ನು ಹೇಗೆ ಮಾಡಲಿ?

ಹಳೇ_ಭಟ್ಟಿ

ಮಧ್ಯಾಹ್ನ ಎರಡು ಗಂಟೆಗೆ ಮಾಡಿ. ತಾನೇ ಆಗುತ್ತದೆ.